ವಿಧಾನಸಭೆಯಲ್ಲಿ ಗೆದ್ದ ಪಕ್ಷ ವರ್ಷದೊಳಗೆ ಲೋಕಸಭೆಯಲ್ಲಿ ಸೋಲುವುದು ಯಾಕೆ?

ನಮ್ಮ ಹಾವೇರಿ ಲೋಕಸಭಾ ಕ್ಷೇತ್ರವನ್ನೇ ನೋಡಿ. ಗದಗ, ರೋಣ, ಶಿರಹಟ್ಟಿ ಕೂಡ ಇದರೊಳಗೇ ಬರುತ್ತವೆ. 2023ರಲ್ಲಿ ಇಲ್ಲಿನ 8 ವಿಧಾನಸಭಾ ಕ್ಷೇತ್ರಗಳಲ್ಲಿ 7 ಕಾಂಗ್ರೆಸ್ಸಿಗೆ ಹೋದವು. 2024ರಲ್ಲಿ ಲೋಕಸಭೆಗೆ ಗೆದ್ದದ್ದು ಬಿಜೆಪಿಯ ಬಸವರಾಜ ಬೊಮ್ಮಾಯಿ. ಜನ ಅಷ್ಟರಲ್ಲೇ ಕಾಂಗ್ರೆಸ್ ಮೇಲೆ ಸಿಟ್ಟಾದರು ಅಂತೇನಲ್ಲ. ಶಾಸಕರನ್ನು ಆರಿಸುವಾಗ ರಸ್ತೆ, ಕುಡಿಯುವ ನೀರು, ಬೆಳೆ ವಿಮೆ, ಅಭ್ಯರ್ಥಿ ಕೈಗೆ ಸಿಗುತ್ತಾನೋ ಇಲ್ಲವೋ, ಇವನ್ನೆಲ್ಲ ನೋಡುತ್ತಾರೆ. ಲೋಕಸಭೆಗೆ ಪ್ರಧಾನಿ ಯಾರು ಅನ್ನೋದೇ ಜಾಸ್ತಿ ತೂಗುತ್ತದೆ.

ಹಾಗಂತ ಸೀಟು ಇಳಿದ ಮಾತ್ರಕ್ಕೆ ಮತದಾರರು ಕೈಬಿಟ್ಟರು ಅಂತ ಸುಮ್ನೆ ಹೇಳಲಾಗದು. ಇಡೀ ದೇಶದಲ್ಲಿ ನೋಡಿದರೆ, 2019ರ ಲೋಕಸಭೆಯಲ್ಲಿ 303 ಸೀಟು ಇದ್ದ ಬಿಜೆಪಿ 2024ರಲ್ಲಿ 240ಕ್ಕೆ ಇಳಿಯಿತು. ಅದರ ಮತ ಮಾತ್ರ ಶೇ. 37.4ರಿಂದ 36.6ಕ್ಕೆ, ಅಷ್ಟೇ! ಹಲವು ಕಡೆ ಎದುರಾಳಿಗಳು ಮತ ಹಂಚಿಕೊಳ್ಳದೆ ಒಟ್ಟಾಗಿ ನಿಂತಿದ್ದರು.