ಮನೆಯಲ್ಲೇ ಕ್ಯಾಂಪಿಂಗ್ ಜೋಲಿ: ಬಟ್ಟೆ, ಹೊಲಿಗೆ, ಕಟ್ಟು

ಹ್ಯಾಮಕ್ ಹೊಲಿಯಲು ಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ. ಎರಡೂ ತುದಿಯಲ್ಲಿ ನೆರಿಗೆ ಹಿಡಿದು ಕಟ್ಟುವ ಸಾದಾ ಬಗೆಯನ್ನಷ್ಟೇ ತೆಗೆದುಕೊಂಡಿದ್ದೇವೆ. ಮಗುವನ್ನು ಮಲಗಿಸುವ ಸೀರೆ ಜೋಲಿಯ ದೊಡ್ಡಣ್ಣ ಇದು, ಹಾಗಾಗಿ ಜೋಲಿ ಎಂದೇ ಕರೆದಿದ್ದೇವೆ.

ಮನೆಯಲ್ಲಿ ಹಳೆಯ ಕಾಲ್ತುಳಿತದ ಹೊಲಿಗೆ ಯಂತ್ರವಿದೆ, ನೇರ ಹೊಲಿಗೆ ಮಾತ್ರ ಬರುತ್ತದೆ. ಇದರಲ್ಲಿ ಜೋಲಿ ಹೊಲಿಯಬಹುದೇ? ಎಷ್ಟು ಬಟ್ಟೆ ಬೇಕು?
— ಓದುಗರು, ಶಿರಸಿ

ಧಾರಾಳವಾಗಿ ಹೊಲಿಯಬಹುದು. ಇಡೀ ಜೋಲಿಯಲ್ಲಿ ಇರುವುದು ನಾಲ್ಕು ಅಂಚಿನ ನೇರ ಹೊಲಿಗೆ, ಅಷ್ಟೇ. ಜಿಗ್‌ಜಾಗ್ ಬೇಕಿಲ್ಲ.

ಬಟ್ಟೆಗೆ ರಿಪ್‌ಸ್ಟಾಪ್ (ಹರಿದರೂ ಹರಡದಂತೆ ಚೌಕಳಿಯಾಗಿ ದಪ್ಪ ಎಳೆ ಸೇರಿಸಿ ನೇಯ್ದ) ನೈಲಾನ್ ಅಥವಾ ಪಾಲಿಯೆಸ್ಟರ್ ಕೇಳಿ. ಚದರ ಮೀಟರಿಗೆ 60ರಿಂದ 70 ಗ್ರಾಂ ತೂಗುವಂಥದ್ದು, ಪನ್ನ 58–60 ಇಂಚು. ನೈಲಾನ್ ಮೈಗೆ ಮೆತ್ತಗೆ, ಆದರೆ ಒದ್ದೆಯಾದರೆ ಹಿಗ್ಗಿ ಜೋತು ಬೀಳುತ್ತದೆ. ಮಲೆನಾಡಿನ ತೇವಕ್ಕೆ ಪಾಲಿಯೆಸ್ಟರ್ ವಾಸಿ. ಅಂಗಡಿಯಲ್ಲಿ ‘ಪ್ಯಾರಾಚೂಟ್ ಬಟ್ಟೆ’ ಎಂದು ಕೊಟ್ಟರೆ ಬಾಯಿಗೆ ಒತ್ತಿಕೊಂಡು ಊದಿ ನೋಡಿ. ಉಸಿರು ಸ್ವಲ್ಪವೂ ದಾಟದಿದ್ದರೆ ಅದಕ್ಕೆ ರೇನ್‌ಕೋಟಿನ ಲೇಪವಿದೆ ಎಂದರ್ಥ. ಅದರಲ್ಲಿ ಮಲಗಿದರೆ ಬೆಳಗಾಗುವಾಗ ಬೆವರಲ್ಲಿ ನೆಂದಿರುತ್ತೀರಿ.

ಉದ್ದ 3.5 ಮೀಟರ್ ಕೊಳ್ಳಿ. ಹೊಲಿದ ಮೇಲೆ 11 ಅಡಿ, ಅಂದರೆ 3.35 ಮೀಟರ್ ಉಳಿಯಬೇಕು. ನಿಮ್ಮ ಎತ್ತರ ಐದೂವರೆ ಅಡಿಯೊಳಗಿದ್ದರೆ 10 ಅಡಿಯೂ ಸಾಕು. ಆದರೆ ಬಟ್ಟೆ ಉಳಿಸಲು ಹೋಗಿ ಉದ್ದ ಕಡಿಮೆ ಮಾಡುವುದೇ ಮೊದಲ ಜೋಲಿಯ ಮಾಮೂಲಿ ತಪ್ಪು.

ದಾರ ಪಾಲಿಯೆಸ್ಟರಿನದ್ದೇ ಆಗಬೇಕು, ಹತ್ತಿಯದ್ದು ತೇವಕ್ಕೆ ಕೊಳೆಯುತ್ತದೆ. ಹೊಸ ಸೂಜಿ ಹಾಕಿ, 14ನೇ ನಂಬರು. ಹೊಲಿಗೆಯ ಉದ್ದ 3 ಮಿ.ಮೀ. ಕತ್ತರಿಸಿದ ಅಂಚಿನ ಎಳೆ ಬಿಚ್ಚದಂತೆ ಊದುಬತ್ತಿಯ ಕೆಂಡವನ್ನು ಅಂಚಿನುದ್ದಕ್ಕೂ ಬೇಗ ಸವರಿ. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ.

ಮೊದಲು ಎರಡು ಉದ್ದದ ಅಂಚುಗಳನ್ನು ಅರ್ಧ ಇಂಚಿನಷ್ಟು ಎರಡು ಸಲ ಮಡಚಿ ಒಂದು ಸಾಲು ಹೊಲಿಯಿರಿ. ಗುಂಡುಪಿನ್ನು ಚುಚ್ಚಬೇಡಿ, ತೂತು ಮುಚ್ಚಿಕೊಳ್ಳುವುದಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕು. ಆಮೇಲೆ ಅಗಲದ ಎರಡೂ ತುದಿಗಳನ್ನು 1 ಸೆಂ.ಮೀ. ಒಳಗೆ ಮಡಚಿ, ಮತ್ತೆ 4 ಸೆಂ.ಮೀ. ಮಡಚಿ, ಲಂಗಕ್ಕೆ ಲಾಡಿ ಹಾಕುವ ಹಾಗೆ ಕೊಳವೆ ಮಾಡಿ. ಇಲ್ಲಿ ಎರಡು ಸಾಲು, ನಡುವೆ ಅರ್ಧ ಸೆಂ.ಮೀ. ಅಂತರ. ಶುರುವಿನಲ್ಲೂ ಕೊನೆಯಲ್ಲೂ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ಹೊಲಿಗೆ ಸುಕ್ಕು ಹಿಡಿದರೆ ಮೇಲ್ದಾರದ ಟೆನ್ಷನ್ ಸಡಿಲಿಸಿ. ಬಟ್ಟೆಯನ್ನು ಸೂಜಿಯ ಹಿಂದೆ ಒಂದು ಕೈ, ಮುಂದೆ ಒಂದು ಕೈ ಇಟ್ಟು ಬಿಗಿ ಹಿಡಿಯಿರಿ, ಆದರೆ ಎಳೆಯಬೇಡಿ. ಎಳೆದರೆ ಸೂಜಿ ಬಾಗಿ ಹೊಲಿಗೆ ತಪ್ಪುತ್ತದೆ.

ಇನ್ನು ಕುಣಿಕೆ. ಪರ್ವತಾರೋಹಣದ ಸಾಮಾನು ಮಾರುವವರಲ್ಲಿ ಸಿಗುವ 6 ಮಿ.ಮೀ. ಹೆಣೆದ ಹಗ್ಗ ತುದಿಗೆ 1.2 ಮೀಟರಿನಂತೆ ತನ್ನಿ. ಒಳ್ಳೆಯ ಹಗ್ಗ 700 ಕಿಲೋದಷ್ಟು ಎಳೆತ ತಡೆಯುತ್ತದೆ. ಎರಡು ತುದಿಗಳನ್ನು ಒಂದರ ಮೇಲೊಂದು ಎರಡೆರಡು ಸುತ್ತು ಸುತ್ತಿ ಬಿಗಿಯುವ ಮೀನುಗಾರರ ಗಂಟು ಹಾಕಿ ಬಳೆ ಮಾಡಿ. ಗಂಟಿನಾಚೆ 6 ಸೆಂ.ಮೀ. ಬಾಲ ಬಿಡಿ. ಪಿನ್ನಿಗೆ ತೆಳು ದಾರ ಕಟ್ಟಿ ಕೊಳವೆಯಲ್ಲಿ ತೂರಿಸಿ, ಅದರಿಂದ ಬಳೆಯ ಒಂದು ತುದಿಯನ್ನು ಎಳೆದುಕೊಂಡು, ಉಳಿದ ಭಾಗವನ್ನು ಆ ತುದಿಯೊಳಗೆ ನುಗ್ಗಿಸಿ ಬಿಗಿಯಿರಿ. ನೆರಿಗೆ ತಾನಾಗಿ ಕೂಡುತ್ತದೆ. ಗಂಟು ಕೊಳವೆಯ ಹೊರಗೇ ಇರಲಿ. ನೆರಿಗೆ ಒಂದೇ ಕಡೆ ಮುದ್ದೆಯಾಗದಂತೆ ಸೀರೆಯ ನೆರಿಗೆಯ ಹಾಗೆ ಬೆರಳಲ್ಲಿ ಸಮ ಮಾಡಿ. ಮುದ್ದೆಯಾದ ಕಡೆ ಭಾರವೂ ಅಲ್ಲೇ ಬೀಳುತ್ತದೆ.

ಗಟ್ಟಿಯಾಗಲಿ ಎಂದು ತೀರಾ ಚಿಕ್ಕ ಹೊಲಿಗೆಯಲ್ಲಿ ನಾಲ್ಕು ಸಾಲು ಹಾಕಿದೆ. ಆದರೂ ಎರಡನೇ ದಿನ ಬಟ್ಟೆ ಹೊಲಿಗೆಯ ಗೆರೆಯಲ್ಲೇ ಹರಿಯಿತು. ದಾರ ಮಾತ್ರ ಹಾಗೇ ಇದೆ!
— ಓದುಗರು, ತುಮಕೂರು

ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಪ್ರತಿ ಹೊಲಿಗೆಗೂ ಒಂದು ತೂತು. ತೂತುಗಳು ಒತ್ತೊತ್ತಾಗಿ ಬಿದ್ದರೆ ಬಟ್ಟೆ ಅಂಚೆಚೀಟಿಯ ಹಾಳೆಯ ಹಾಗೆ ಗೆರೆ ಹಿಡಿದು ಹರಿಯುತ್ತದೆ. ದಪ್ಪ ಸೂಜಿಯಿದ್ದರಂತೂ ಕೇಳುವುದೇ ಬೇಡ.

ಲೆಕ್ಕ ಹಾಕಿ ನೋಡಿ. 70 ಕಿಲೋ ಎಳೆತ 150 ಸೆಂ.ಮೀ. ಅಗಲದ ಹೊಲಿಗೆಯ ಮೇಲೆ ಸಮವಾಗಿ ಹಂಚಿದರೆ ಸೆಂಟಿಮೀಟರಿಗೆ ಅರ್ಧ ಕಿಲೋ ಕೂಡ ಇಲ್ಲ. ಅಷ್ಟನ್ನು ತಡೆಯಲು 3 ಮಿ.ಮೀ.ಯ ಎರಡು ಸಾಲು ಬೇಕಾದಷ್ಟಾಯಿತು. ಹರಿದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಕೊಳವೆ ಹೊಲಿಯಿರಿ. 10 ಸೆಂ.ಮೀ. ಉದ್ದ ಹೋಗುತ್ತದೆ, ಹೋಗಲಿ. ತೇಪೆ ಹಾಕಿದರೆ ಮತ್ತೆ ತೂತೇ.

ಹಳೇ ಹತ್ತಿ ಸೀರೆಯಲ್ಲಿ ಆಗುವುದಿಲ್ಲವೇ? ಐದೂವರೆ ಮೀಟರ್ ಇದೆಯಲ್ಲ.
— ಓದುಗರು, ಹಾಸನ

ಉದ್ದ ಇದೆ, ಅಗಲ ಇಲ್ಲ. ಸೀರೆಯ ಪನ್ನ 45–47 ಇಂಚು. ಅಡ್ಡ ಓರೆಯಾಗಿ ಮಲಗಲು ದೊಡ್ಡವರಿಗೆ ಅದು ಸಾಲದು. ಉಟ್ಟು ಒಗೆದು ಸವೆದ ಹತ್ತಿಗೆ ಎಲ್ಲಿ ಬಲ ಉಳಿದಿದೆ ಎಂದು ನೋಡಿದರೆ ತಿಳಿಯುವುದೂ ಇಲ್ಲ. ಅಳತೆ ಪ್ರಯೋಗಿಸಲು ಬೇಕಿದ್ದರೆ ಗಟ್ಟಿಯಾದ ಹೊಸ ಡಬಲ್ ಬೆಡ್‌ಶೀಟ್ (90×108 ಇಂಚು) ಬಳಸಿ. ಉದ್ದ 9 ಅಡಿಯೇ ಆಯಿತು, ಮಧ್ಯಾಹ್ನದ ಒಂದು ನಿದ್ದೆಗೆ ಸರಿ. ಕಾಡಿಗೆ ಒಯ್ಯಲು ಭಾರ, ನೆಂದರೆ ಬೇಗ ಒಣಗುವುದಿಲ್ಲ.

ಜೋಲಿ ಚೆನ್ನಾಗಿಯೇ ಆಯಿತು. ಆದರೆ ಅರ್ಧ ಗಂಟೆ ಮಲಗಿದರೆ ಮಂಡಿಯ ಹಿಂದೆ ನೋವು, ಭುಜ ಎರಡೂ ಕಡೆಯಿಂದ ಒತ್ತುತ್ತದೆ. ಹಗ್ಗ ಇನ್ನೂ ಬಿಗಿಯಬೇಕೇ?
— ಓದುಗರು, ಸಕಲೇಶಪುರ

ಬಿಗಿದದ್ದೇ ಕಾರಣ. ಸಡಿಲಿಸಿ.

ಜೋಲಿಯಲ್ಲಿ ಉದ್ದಕ್ಕೆ ನೇರ ಮಲಗಿದರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಹ್ಯಾಮಕ್ಕಿನ ತವರಾದ ಅಮೆರಿಕ ಖಂಡದ ಜನ, ಉದಾಹರಣೆಗೆ ಮೆಕ್ಸಿಕೊದ ಯುಕಟಾನಿನವರು, ಮಲಗುವುದು ಓರೆಯಾಗಿ: ತಲೆ ನಡುಗೆರೆಯ ಒಂದು ಪಕ್ಕ, ಕಾಲು ಇನ್ನೊಂದು ಪಕ್ಕ. ಆಗ ಮೈ ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಬಟ್ಟೆಯಲ್ಲಿ ಜೋತು ಇಲ್ಲದಿದ್ದರೆ ಓರೆ ಮಲಗಲು ಆಗುವುದಿಲ್ಲ. ಅಂಚುಗಳು ಬಿಗಿದು ಭುಜ ಒತ್ತುತ್ತವೆ, ನಡುವಿನ ಬಿಗಿ ಗೆರೆ ಮಂಡಿಯಡಿ ಏಳುತ್ತದೆ.

ಪ್ರತಿ ಸಲವೂ ಒಂದೇ ಜೋತು ಬರಬೇಕಾದರೆ ಎರಡು ಕುಣಿಕೆಗಳ ನಡುವೆ, ಜೋಲಿಯ ಮೇಲ್ಗಡೆ, ಒಂದು ನಡುಹಗ್ಗ ಕಟ್ಟಿ. ಅದರ ಉದ್ದ ಜೋಲಿಯ ಉದ್ದದ ಶೇ 83. ನಿಮ್ಮ ಜೋಲಿ 335 ಸೆಂ.ಮೀ. ಇದ್ದರೆ ನಡುಹಗ್ಗ 278 ಸೆಂ.ಮೀ. ಹಿಗ್ಗದ 5 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಆಗಬಹುದು. ಮಲಗಿದಾಗ ಎರಡು ಬೆರಳಲ್ಲಿ ತಿರುಚಿದರೆ ಅದು ಸ್ವಲ್ಪ ಬಾಗಬೇಕು. ವೀಣೆಯ ತಂತಿಯಂತೆ ಬಿಗಿದಿದ್ದರೆ ಮರದ ಕಡೆಯ ಪಟ್ಟಿ ಸಡಿಲಿಸಿ.

ತೋಟದ ಮರಗಳಿಗೆ ಎಷ್ಟು ಎತ್ತರದಲ್ಲಿ, ಯಾವುದರಿಂದ ಕಟ್ಟಬೇಕು?
— ಓದುಗರು, ಕೊಪ್ಪ

ಮರಕ್ಕೆ ಹಗ್ಗ ಬೇಡ, ತೊಗಟೆ ಕೊಯ್ಯುತ್ತದೆ. ಕನಿಷ್ಠ 1 ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ, ಮರವೊಂದಕ್ಕೆ 3 ಮೀಟರ್. ಬ್ಯಾಗಿಗೆ ಹಾಕುವ ಪಟ್ಟಿ ಎಂದು ಸಿಗುವುದರಲ್ಲಿ ಅಗ್ಗದ ಪಾಲಿಪ್ರೊಪಿಲೀನೇ ಹೆಚ್ಚು. ಬಿಸಿಲಿಗೆ ಅದು ಬೇಗ ಸಾಯುತ್ತದೆ. ಒಂದು ತುಂಡನ್ನು ನೀರೊಳಗೆ ಹಿಂಡಿ ಬಿಡಿ: ತೇಲಿದರೆ ಪಾಲಿಪ್ರೊಪಿಲೀನ್. ಮುಳುಗಿದರೆ ಪಾಲಿಯೆಸ್ಟರ್ ಇರಬಹುದು, ನೈಲಾನೂ ಇರಬಹುದು. ನೈಲಾನ್ ಪಟ್ಟಿ ಭಾರಕ್ಕೆ ಹಿಗ್ಗಿ, ರಾತ್ರಿ ಕಳೆಯುವುದರೊಳಗೆ ನಿಮ್ಮನ್ನು ನೆಲಕ್ಕೆ ಮುಟ್ಟಿಸುತ್ತದೆ.

ಮುಖ್ಯವಾದದ್ದು ಪಟ್ಟಿಯ ಕೋನ. ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿದ್ದರೆ 70 ಕಿಲೋ ಮನುಷ್ಯನಿಗೆ ಪ್ರತಿ ಬದಿಯ ಎಳೆತವೂ 70 ಕಿಲೋ. 15 ಡಿಗ್ರಿಗೆ 135, 10ಕ್ಕೆ 200, 5ಕ್ಕೆ 400 ಕಿಲೋ! ‘ಚೆನ್ನಾಗಿ ಬಿಗಿದು ಕಟ್ಟು’ ಎಂಬ ಸಲಹೆ ಇಲ್ಲಿ ಅಪಾಯ. 30 ಡಿಗ್ರಿ ಅಂದಾಜಿಗೆ ತೋರುಬೆರಳನ್ನು ಅಡ್ಡ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ. ಎರಡರ ತುದಿ ಸೇರಿಸುವ ಗೆರೆಯ ಓರೆ ಹೆಚ್ಚುಕಡಿಮೆ ಅಷ್ಟೇ.

ಮರಗಳ ನಡುವೆ 15 ಅಡಿ ಇದ್ದರೆ ಪಟ್ಟಿಯನ್ನು ಐದೂವರೆಯಿಂದ ಆರು ಅಡಿ ಎತ್ತರಕ್ಕೆ ಕಟ್ಟಿ. ಕುಳಿತಾಗ ಜೋಲಿ ನೆಲದಿಂದ ಒಂದೂವರೆ ಅಡಿ ಮೇಲಿರಬೇಕು, ಹೆಚ್ಚು ಬೇಡ. ಮೊದಲ ಸಲ ಎರಡು ಅಕ್ಕಿ ಮೂಟೆ ಹಾಕಿ ಹತ್ತು ನಿಮಿಷ ತೂಗಿಬಿಟ್ಟು, ಹೊಲಿಗೆ, ಗಂಟು ನೋಡಿ.

ಅಡಿಕೆ ಮರ ಬೇಡ, ಕಾಂಡ ಸಪೂರ. ನುಗ್ಗೆ ಮುರಿಯುತ್ತದೆ. ತೆಂಗಿನ ಬುಡದಲ್ಲಿ ಮಲಗುವವರಿಗೆ ಹೇಳುವುದೇನಿದೆ. ಸಿಲ್ವರ್ ಓಕಿನ ಕಾಂಡ ಸರಿ, ಆದರೆ ಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ, ಮೇಲೆ ಒಣಕೊಂಬೆ ಇದೆಯೇ ನೋಡಿಕೊಳ್ಳಿ. ತಾರಸಿಯಲ್ಲಿ ಒಂಟಿಯಾಗಿ ನಿಂತ ಇಟ್ಟಿಗೆ ಕಂಬಕ್ಕೆ ಮಾತ್ರ ಎಂದೂ ಕಟ್ಟಬೇಡಿ. ಮೇಲಿನ ಭಾರ ಹೊರಲು ಕಟ್ಟಿದ ಕಂಬ ಪಕ್ಕದ ಎಳೆತಕ್ಕೆ ಇಡಿಯಾಗಿ ಮಲಗಿದವರ ಮೇಲೇ ಬೀಳುತ್ತದೆ.

ಮಳೆ, ಸೊಳ್ಳೆ, ಇಂಬಳ?
— ಓದುಗರು, ಆಗುಂಬೆ

ಮೂರು ಮೀಟರ್ ಚೌಕದ ಟಾರ್ಪಾಲನ್ನು ಮೂಲೆಯಿಂದ ಮೂಲೆಗೆ ಬರುವಂತೆ ಜೋಲಿಯ ಮೇಲೆ ಕಟ್ಟಿದರೆ ಮಳೆ ತಪ್ಪುತ್ತದೆ. ಆದರೂ ನೀರು ಮರದಿಂದ ಪಟ್ಟಿಗುಂಟ ಹರಿದು ಜೋಲಿಗೆ ಬರುತ್ತದೆ. ಟಾರ್ಪಾಲಿನ ನೆರಳೊಳಗೆ, ಕುಣಿಕೆಗಿಂತ ಮುಂಚೆ, ಪಟ್ಟಿಗೆ ಒಂದು ಗೇಣು ಹತ್ತಿ ದಾರ ಕಟ್ಟಿ ಇಳಿಬಿಡಿ. ನೀರು ಅದನ್ನು ಹಿಡಿದು ಕೆಳಗೆ ತೊಟ್ಟಿಕ್ಕುತ್ತದೆ. ಸೊಳ್ಳೆಪರದೆಯನ್ನು ನಡುಹಗ್ಗದ ಮೇಲೆ ಹೊದಿಸಿ, ಜೋಲಿಯ ಅಡಿಯಲ್ಲಿ ಕೂಡಿಸಿ ಕ್ಲಿಪ್ಪು ಹಾಕಿ. ಬರಿ ಬೆನ್ನಿಗೆ ಒತ್ತಿದ ಬಟ್ಟೆಯ ಮೂಲಕವೂ ಸೊಳ್ಳೆ ಕಚ್ಚುವುದರಿಂದ ಒಳಗೆ ಒಂದು ಫೋಮ್ ಚಾಪೆ ಹಾಸಿ. ಬೆನ್ನಿಗೆ ಚಳಿಯೂ ಹೊಡೆಯುವುದಿಲ್ಲ.

ಇಂಬಳ, ಉಣುಗು ಎರಡೂ ಬರುವುದು ನೆಲದಿಂದ, ತರಗೆಲೆಯಿಂದ. ಬಿಚ್ಚಿದ ಬೂಟು, ಚೀಲಗಳನ್ನು ನೆಲಕ್ಕಿಡದೆ ಪಟ್ಟಿಗೆ ನೇತುಹಾಕಿ. ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು. ಅದು ಕಾಣಿಸಿಕೊಳ್ಳುವ ಊರುಗಳ ಕಾಡಂಚಿನಲ್ಲಿ ಚಳಿಗಾಲದ ಶುರುವಿನಿಂದ ಬೇಸಿಗೆ ಮುಗಿಯುವವರೆಗೆ ಜೋಲಿ ಕಟ್ಟುವ ಯೋಚನೆಯನ್ನೇ ಬಿಡಿ, ಮನೆಯ ಜಗಲಿಯ ತೊಲೆಗೆ ಕಟ್ಟಿಕೊಳ್ಳಿ. ಉಳಿದ ಕಾಲದಲ್ಲೂ ಕಾಡಿನಲ್ಲಿ ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.