ಮಾರಾಟದ ಲೆಕ್ಕ ಯಾಕೆ ಸಾಲದು

ಸಿಗರೇಟ್ ಎಷ್ಟು ಮಾರಾಟವಾಯಿತು ಅಂತ ತೆರಿಗೆ ಲೆಕ್ಕದಲ್ಲೇ ಸಿಗುವಾಗ ಎಷ್ಟು ಜನ ಸೇದುತ್ತಾರೆ ಅಂತ ಮನೆ ಮನೆಗೆ ಹೋಗಿ ಯಾಕೆ ಕೇಳಬೇಕು ಅನ್ನಿಸುತ್ತದೆ ಅಲ್ವಾ? ಆ ಲೆಕ್ಕ ಪ್ಯಾಕೆಟ್ ಎಣಿಸುತ್ತದೆ, ಸೇದುವವರನ್ನಲ್ಲ. ಒಬ್ಬರೇ ದಿನಕ್ಕೆ 20 ಸೇದಿದರೂ, ಹತ್ತು ಜನ ಎರಡೆರಡು ಸೇದಿದರೂ ಅಲ್ಲಿ ಒಂದೇ. ಕಳ್ಳಸಾಗಣೆ ಮಾಲಂತೂ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಹಲವು ದೇಶಗಳಲ್ಲಿ ನಡೆಯುವ ‘ಗ್ಯಾಟ್ಸ್’ (ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ) 15 ವರ್ಷ ತುಂಬಿದವರನ್ನು ನೇರವಾಗಿ ಕೇಳುತ್ತದೆ: ಈಗ ಸೇದುವುದು ದಿನಾಲೂನಾ, ಆಗಾಗನಾ, ಇಲ್ಲವೇ ಇಲ್ವಾ? ಇದು ತುಂಬಾ ಮುಖ್ಯ, ಯಾಕೆಂದರೆ ಬರೀ ‘ಸೇದುತ್ತೀರಾ’ ಅಂದರೆ ವಾರಕ್ಕೊಮ್ಮೆ ಸೇದುವವರು ಸುಮ್ನೆ ಇಲ್ಲ ಅಂದುಬಿಡಬಹುದು. ಜಗಿಯುವ ತಂಬಾಕಿಗೆ ಬೇರೆಯೇ ಪ್ರಶ್ನೆ. ಮುಚ್ಚಿಡುವವರೂ ಇರುತ್ತಾರೆ, ನಿಜ. ಕೆಲವು ಸಮೀಕ್ಷೆಗಳಲ್ಲಿ ಜೊಲ್ಲು ಅಥವಾ ರಕ್ತ ತೆಗೆದು, ನಿಕೋಟಿನ್ ದೇಹದೊಳಗೆ ಹೋದಾಗ ಅದರಿಂದ ಉಂಟಾಗುವ ಕೋಟಿನಿನ್ ಅನ್ನುವ ವಸ್ತುವನ್ನು ಅಳೆಯುವುದು ಅದಕ್ಕೇ. ಆದರೆ ಅದು ದೇಹದಲ್ಲಿ ಕೆಲವೇ ದಿನ ಇರುತ್ತದೆ, ಸೇದುವುದನ್ನು ಬಿಡಲು ನಿಕೋಟಿನ್ ಗಮ್ ಜಗಿದವರಲ್ಲೂ ಕಾಣುತ್ತದೆ.