ಕಣ್ಣಿನ ಪಾಪೆ ಹೇಳುವುದೆಷ್ಟು, ಹೇಳದಿರುವುದೆಷ್ಟು

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿದೆ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿರುವ ನಿಮ್ಮ ಮಗ ರಜೆಗೆ ಮನೆಗೆ ಬಂದಾಗ, ರಾತ್ರಿ ಜಗಲಿಯಲ್ಲಿ ಕುಳಿತಿದ್ದ ಅವನ ಕಣ್ಣಿನ ಪಾಪೆಗಳು ತುಂಬ ದೊಡ್ಡದಾಗಿ ಕಂಡವೆಂದು ಬರೆದಿದ್ದೀರಿ. ಆತಂಕಗೊಂಡು, ಅವನು ನಿದ್ದೆಯಲ್ಲಿದ್ದಾಗ ರೆಪ್ಪೆ ಎತ್ತಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಅವು ಸಾಸಿವೆ ಕಾಳಿನಷ್ಟಿದ್ದವೆಂದೂ, ಹಿಗ್ಗಿದ ಪಾಪೆ, ಕುಗ್ಗಿದ ಪಾಪೆ ಎರಡೂ ಮಾದಕ ವಸ್ತುವಿನ ಲಕ್ಷಣವೆಂದು ಓದಿದ್ದರಿಂದ ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲವೆಂದೂ ತಿಳಿಸಿದ್ದೀರಿ. ಈ ವಸ್ತುಗಳಿಂದ ಪಾಪೆಯ ಗಾತ್ರ ಏಕೆ ಬದಲಾಗುತ್ತದೆ, ಅದನ್ನು ನೋಡಿ ತೀರ್ಮಾನಿಸಬಹುದೇ ಎಂಬುದು ನಿಮ್ಮ ಪ್ರಶ್ನೆ.

ತೀರ್ಮಾನಿಸಲು ಬರುವುದಿಲ್ಲ. ನೀವು ಕಂಡ ಎರಡೂ ಸ್ಥಿತಿಗಳು ಆರೋಗ್ಯವಂತ ಯುವಕನ ಕಣ್ಣಿನಲ್ಲಿ ದಿನವೂ ಕಾಣುವಂಥವು. ಬರಿಯ ಸಮಾಧಾನದ ಮಾತಾಗಿ ಇದನ್ನು ಹೇಳುತ್ತಿಲ್ಲ, ಕಾರಣವನ್ನು ವಿವರಿಸುತ್ತೇನೆ.

ಪಾಪೆ ಎಂಬುದು ಕಣ್ಣಿನ ಬಣ್ಣದ ಪರದೆಯ ನಡುವೆ ಇರುವ ರಂಧ್ರ. ಆ ಪರದೆಯೊಳಗೆ ಎರಡು ಸ್ನಾಯುಗಳಿವೆ. ಒಂದು ಪಾಪೆಯ ಅಂಚನ್ನು ಬಳೆಯಂತೆ ಸುತ್ತುವರಿದಿದ್ದು, ಬಿಗಿದಾಗ ರಂಧ್ರ ಕಿರಿದಾಗುತ್ತದೆ. ಮಿದುಳಿನ ಕಾಂಡದಲ್ಲಿರುವ ಒಂದು ಸಣ್ಣ ನರಕೇಂದ್ರದಿಂದ ಹೊರಡುವ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಅದಕ್ಕೆ ಆಜ್ಞೆ ಕೊಡುತ್ತದೆ. ಇನ್ನೊಂದು ಸ್ನಾಯು ಅಂಚಿನಿಂದ ಹೊರಕ್ಕೆ ಹರಡಿಕೊಂಡಿದ್ದು, ಬಿಗಿದಾಗ ರಂಧ್ರವನ್ನು ಹಿಗ್ಗಿಸುತ್ತದೆ. ಹೆದರಿಕೆ ಮತ್ತು ಉದ್ವೇಗದ ಹೊತ್ತಿನಲ್ಲಿ ಎದೆಬಡಿತ ಹೆಚ್ಚಿಸುವ ನರವ್ಯೂಹವೇ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕದ ಮೂಲಕ ಅದನ್ನು ನಡೆಸುತ್ತದೆ. ಪ್ರಖರ ಬೆಳಕಿನಲ್ಲಿ ಪಾಪೆ ಸುಮಾರು 2ರಿಂದ 4 ಮಿಲಿಮೀಟರ್, ಕತ್ತಲಲ್ಲಿ 4ರಿಂದ 8 ಮಿಲಿಮೀಟರ್ ಇರುತ್ತದೆ. ವಯಸ್ಸಾದಂತೆ ಅದು ಕಿರಿದಾಗುತ್ತ ಹೋಗುವುದರಿಂದ, ಮಂದ ಬೆಳಕಿನ ಜಗಲಿಯಲ್ಲಿ ಮಗನ ಪಾಪೆ ತಾಯಿಯ ಪಾಪೆಗಿಂತ ಬಹಳ ದೊಡ್ಡದಾಗಿ ಕಾಣುವುದು ಸಹಜ.

ಪಾಪೆಯ ಗಾತ್ರ ಬದಲಿಸುವ ಮಾದಕ ವಸ್ತುಗಳು ಒಂದಲ್ಲ ಒಂದು ಬಗೆಯಲ್ಲಿ ಈ ಎರಡು ನರಗಳ ಕೆಲಸದಲ್ಲಿ ಕೈಹಾಕುತ್ತವೆ. ಅಫೀಮು, ಹೆರಾಯಿನ್, ಬ್ರೌನ್ ಶುಗರ್, ಮಾರ್ಫಿನ್ ಇವು ಪಾಪೆಯನ್ನು ಕುಗ್ಗಿಸುತ್ತವೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ, ಪಾಪೆಯನ್ನು ಕಿರಿದಾಗಿಸುವ ಆ ನರಕೇಂದ್ರದ ಮೇಲೆ ಮಿದುಳಿನ ಇತರ ಭಾಗಗಳ ಹಿಡಿತವಿರುತ್ತದೆ. ಅಫೀಮಿನ ವರ್ಗದ ವಸ್ತುಗಳು ಆ ಹಿಡಿತವನ್ನು ಸಡಿಲಿಸುತ್ತವೆ. ತಡೆ ತಪ್ಪಿದ ನರಕೇಂದ್ರ ಬಳೆಯಾಕಾರದ ಸ್ನಾಯುವನ್ನು ಬಿಗಿಯಾಗಿ ಎಳೆದು, ಕತ್ತಲ ಕೋಣೆಯಲ್ಲೂ ಪಾಪೆ ಸೂಜಿಮೊನೆಯಷ್ಟೇ ಉಳಿಯುವಂತೆ ಮಾಡುತ್ತದೆ. ನಿದ್ದೆಯಲ್ಲಿಯೂ ಇದೇ ಹಿಡಿತ ತಾನಾಗಿ ಸಡಿಲವಾಗುತ್ತದೆ. ಮಲಗಿದ ಮಗುವಿನದಾಗಲಿ ಮುದುಕರದಾಗಲಿ ರೆಪ್ಪೆ ಎತ್ತಿ ನೋಡಿದರೆ ಪಾಪೆ ಚಿಕ್ಕದಾಗಿಯೇ ಇರುತ್ತದೆ, ಟಾರ್ಚ್ ಬಿಟ್ಟರೆ ಇನ್ನಷ್ಟು ಕುಗ್ಗುತ್ತದೆ. ಆ ರಾತ್ರಿ ನೀವು ಕಂಡದ್ದು ಇದಕ್ಕಿಂತ ಹೆಚ್ಚಿನದೇನೂ ಅಲ್ಲವೆಂದು ನನ್ನ ನಂಬಿಕೆ.

ಅಫೀಮಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ವರ್ಷಗಟ್ಟಲೆ ಸೇವಿಸಿದವರಿಗೆ ಅದರ ಅಮಲಿನ ಸುಖ ಒಗ್ಗಿಹೋಗಿ ಪ್ರಮಾಣ ಹೆಚ್ಚಿಸುತ್ತ ಹೋಗಬೇಕಾಗುತ್ತದೆ, ಆದರೆ ಪಾಪೆಯ ಕುಗ್ಗುವಿಕೆ ಅಷ್ಟಾಗಿ ಒಗ್ಗುವುದಿಲ್ಲ. ಹಳಬರಲ್ಲೂ ಅದು ಕಾಣುತ್ತದೆ. ಅದೇ ವ್ಯಕ್ತಿಗೆ ವಸ್ತು ಸಿಗದೆ ಮೈಕೈ ನೋವು, ಮೂಗು ಸೋರುವಿಕೆ, ಭೇದಿ ಶುರುವಾದಾಗ ಪಾಪೆಗಳು ಹಿಗ್ಗುತ್ತವೆ. ಒಂದೇ ವಸ್ತು ಸೇವಿಸಿದಾಗ ಒಂದು ರೀತಿ, ಬಿಟ್ಟಾಗ ಅದಕ್ಕೆ ವಿರುದ್ಧವಾದ ರೀತಿ ತೋರಿಸುವಾಗ ಬರಿಯ ಗಾತ್ರ ನೋಡಿ ಏನನ್ನು ತಾನೇ ಹೇಳಲಾದೀತು?

ಕೊಕೇನ್ ಮತ್ತು ಆಂಫೆಟಮಿನ್ ಕೆಲಸ ಮಾಡುವುದು ಹಿಗ್ಗಿಸುವ ಸ್ನಾಯುವಿನ ಕಡೆ. ನರದ ತುದಿಯಿಂದ ಹೊರಬಂದ ನಾರ್‌ಅಡ್ರಿನಲಿನ್ ತನ್ನ ಕೆಲಸ ಮುಗಿಸಿ ನರದೊಳಕ್ಕೆ ಮರಳಬೇಕು. ಕೊಕೇನ್ ಆ ದಾರಿಯನ್ನು ಮುಚ್ಚುತ್ತದೆ, ಆಂಫೆಟಮಿನ್ ಒಳಗಿನ ದಾಸ್ತಾನನ್ನೇ ಹೊರಕ್ಕೆ ತಳ್ಳುತ್ತದೆ. ಎರಡರಲ್ಲೂ ಸ್ನಾಯುವಿನ ಬಳಿ ನಾರ್‌ಅಡ್ರಿನಲಿನ್ ಹೆಚ್ಚಿ ಪಾಪೆ ಹಿಗ್ಗುತ್ತದೆ. ಕೊಕೇನಿನ ಈ ಗುಣವನ್ನು ಕಣ್ಣಿನ ವೈದ್ಯರು ರೋಗಪತ್ತೆಗೆ ಬಳಸಿಕೊಂಡಿದ್ದಾರೆ. ಆ ನರಕ್ಕೆ ಹಾನಿಯಾಗಿದ್ದರೆ ಮರಳಿ ಹೋಗಲು ಅಲ್ಲಿ ನಾರ್‌ಅಡ್ರಿನಲಿನ್ನೇ ಸಾಕಷ್ಟು ಇರುವುದಿಲ್ಲವಾದ್ದರಿಂದ, ಕೊಕೇನ್ ಹನಿ ಹಾಕಿದರೂ ಆ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ. ಎಕ್ಸ್‌ಟಸಿ ಎಂದೂ ಕರೆಯುವ ಎಂಡಿಎಂಎ ಮತ್ತು ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ, ಸಿರೊಟೋನಿನ್ ಎಂಬ ಮಿದುಳಿನ ಮತ್ತೊಂದು ರಾಸಾಯನಿಕದ ವ್ಯವಸ್ಥೆಯನ್ನು ಕೆಣಕಿ ಪಾಪೆಯನ್ನು ಹಿಗ್ಗಿಸುತ್ತವೆ. ಗಾಂಜಾ ಸೇದಿದವರಲ್ಲಿ ಪಾಪೆಯ ಬದಲಾವಣೆ ಅಲ್ಪ, ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕಣ್ಣಿನ ಬಿಳಿಭಾಗ ಕೆಂಪೇರುವುದೇ ಅವರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣ.

ನಮ್ಮ ರಸ್ತೆ ಬದಿಯಲ್ಲಿ ಬೆಳೆಯುವ ಉಮ್ಮತ್ತಿ ಗಿಡ ಇವೆಲ್ಲಕ್ಕಿಂತ ಬೇರೆ. ಶಿವಪೂಜೆಗೆ ಹೂ ಕೊಡುವ ಈ ಗಿಡದ ಎಲೆ, ಬೀಜ, ಬೇರುಗಳಲ್ಲಿ ಆಟ್ರೊಪಿನ್, ಸ್ಕೋಪೊಲಮಿನ್ ಎಂಬ ವಿಷಗಳಿವೆ. ಇವು ಹಿಗ್ಗಿಸುವ ಸ್ನಾಯುವಿನ ತಂಟೆಗೆ ಹೋಗದೆ, ಕುಗ್ಗಿಸುವ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಕೊಡುವ ಆಜ್ಞೆಯನ್ನೇ ತಡೆಯುತ್ತವೆ. ಆದ್ದರಿಂದ ಪಾಪೆ ಅಗಲವಾಗಿ ತೆರೆದುಕೊಳ್ಳುವುದಲ್ಲದೆ, ಟಾರ್ಚ್ ಬಿಟ್ಟರೂ ಕದಲುವುದಿಲ್ಲ. ಹತ್ತಿರದ ಅಕ್ಷರ ಮಸುಕಾಗುತ್ತದೆ, ಬಾಯಿ ಒಣಗುತ್ತದೆ, ಮೈ ಬಿಸಿಯಾಗಿ ಮಾತು ತಪ್ಪುತ್ತದೆ. ಕಳೆ ಕೀಳುವಾಗ ಈ ಗಿಡದ ರಸ ತಾಗಿದ ಕೈಯಲ್ಲಿ ಒಂದು ಕಣ್ಣುಜ್ಜಿಕೊಂಡರೂ ಸಾಕು, ಆ ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿ, ಮಿದುಳಿಗೇ ಏನೋ ಆಗಿದೆಯೆಂದು ಮನೆಯವರು ಗಾಬರಿಯಾಗುವುದುಂಟು. ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮುನ್ನ ಹಾಕುವ ಹನಿಗಳಲ್ಲಿ ಹಲವು ಕೆಲಸ ಮಾಡುವುದೂ ಇದೇ ಬಗೆಯಲ್ಲಿ.

ಶೀತಕ್ಕೆ ನುಂಗುವ ಮಾತ್ರೆ, ಖಿನ್ನತೆಯ ಔಷಧ, ಪರೀಕ್ಷೆಯ ಭಯ, ಪ್ರೀತಿಪಾತ್ರರನ್ನು ಕಂಡ ಉತ್ಸಾಹ, ಇವೆಲ್ಲವೂ ಪಾಪೆಯನ್ನು ಹಿಗ್ಗಿಸಬಲ್ಲವು. ಯಾವ ತೊಂದರೆಯೂ ಇಲ್ಲದ ಜನರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಎರಡು ಪಾಪೆಗಳ ನಡುವೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವೂ ಇರುತ್ತದೆ.

ಆದರೆ ಪಾಪೆಯನ್ನು ಅಲಕ್ಷಿಸಬಾರದ ಸಂದರ್ಭಗಳೂ ಇವೆ, ಅವನ್ನು ಒತ್ತಿ ಹೇಳಲೇಬೇಕು. ಕೂಗಿದರೂ ಅಲುಗಾಡಿಸಿದರೂ ಏಳದ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟುತ್ತಿರುವ ವ್ಯಕ್ತಿಯ ಪಾಪೆ ಸೂಜಿಮೊನೆಯಷ್ಟಿದ್ದರೆ ಅದು ಅಫೀಮು ವರ್ಗದ ವಸ್ತುವಿನ ಮಿತಿಮೀರಿದ ಸೇವನೆಯಿರಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಸಕಾಲದಲ್ಲಿ ನಾಲೊಕ್ಸೋನ್ ಎಂಬ ಮದ್ದು ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಪಾಪೆ ಹಾಗೆಯೇ ಕುಗ್ಗಿ, ಜೊತೆಗೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ ಇದ್ದರೆ ಕೀಟನಾಶಕ ಮೈಸೇರಿರಬಹುದು. ನಮ್ಮ ಹಳ್ಳಿಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕಾಗುತ್ತದೆ. ತಲೆಗೆ ಪೆಟ್ಟು ಬಿದ್ದ ಮೇಲೆ ಒಂದು ಪಾಪೆ ಮಾತ್ರ ದೊಡ್ಡದಾದರೆ ಒಂದು ಕ್ಷಣವೂ ಕಾಯುವಂತಿಲ್ಲ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಮಲಗಿದ್ದಾಗ ರೆಪ್ಪೆ ಎತ್ತಿ ನೋಡುವುದನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಅವನ ನಿದ್ದೆ, ಊಟ, ಹಣದ ಖರ್ಚು, ಗೆಳೆಯರ ಒಡನಾಟ, ಓದಿನ ಮೇಲಿನ ಆಸ್ಥೆ ಇವು ಬದಲಾಗಿದ್ದರೆ, ನಿಮಗೆ ಭಯವಾಗಿದೆ ಎಂಬುದನ್ನು ಅವನಿಗೇ ನೇರವಾಗಿ ಹೇಳಿ, ಅವನು ಕೊಡುವ ಉತ್ತರವನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಅವನು ಏನಾದರೂ ಒಪ್ಪಿಕೊಂಡರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು. ಪೊಲೀಸರ ಭಯದಿಂದ ಚಿಕಿತ್ಸೆ ಮುಂದೂಡಬೇಡಿ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆ ಮತ್ತು ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಲು ಅವಕಾಶವಿದೆ.

— ಸಂಪಾದಕ